ಆರಿಂಚಿನ ಸ್ಪೈಡರ್‌ಮ್ಯಾನ್: ಮೈ ಸಲೀಸು, ಮಣಿಕಟ್ಟು ಸೂಕ್ಷ್ಮ

1:12 ಅಳತೆಯ (ನಿಜ ಗಾತ್ರದ ಹನ್ನೆರಡನೇ ಒಂದು ಪಾಲು) ಈ ಆಟಿಕೆ ಫಿಗರ್‌ನ ಜೀವಾಳ ಅದರ ಕೀಲುಗಳು. ಮೊಣಕೈ, ಮೊಣಕಾಲಿಗೆ ಜೋಡಿ ಕೀಲು. ಭುಜ ಎದೆಯ ಮುಂದಕ್ಕೂ ಮಡಚುತ್ತದೆ. ಕುಕ್ಕರಗಾಲಲ್ಲಿ ಕೂರಿಸುವುದು ಸಲೀಸು. ಪಾದ ಅಡ್ಡಕ್ಕೂ ವಾಲುವುದರಿಂದ ಕಾಲು ಅಗಲಿಸಿದರೂ ಅಂಗಾಲು ನೆಲ ಬಿಡದು.

ತಾಪತ್ರಯ ಇರುವುದು ಒಂದು ಹಸ್ತ ಕಳಚಿ ಇನ್ನೊಂದು ಸಿಕ್ಕಿಸುವಾಗ. ಮಣಿಕಟ್ಟಿನ ಗೂಟ ತೀರಾ ತೆಳು. ಪೆಟ್ಟಿಗೆಯಿಂದ ತೆಗೆದ ಕೂಡಲೇ ತಿರುಚಿದರೆ ಮುರಿದು ತೂತಿನೊಳಗೇ ಉಳಿಯುತ್ತದೆ. ಹೇರ್ ಡ್ರೈಯರ್‌ನಿಂದ ಅರ್ಧ ನಿಮಿಷ ಬಿಸಿ ಮಾಡಿ, ತಿರುಚದೆ ನೇರಕ್ಕೆ ಎಳೆಯಿರಿ. ಸೊಟ್ಟಗಾದ ಕಾಲನ್ನು ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿದರೆ ಹಾಗೇ ನಿಲ್ಲುತ್ತದೆ.

ಎದೆಯ ಬಲೆಯ ಗೆರೆಗಳು ಅಚ್ಚುಕಟ್ಟು. ಕಂಕುಳ ಬಳಿ ಮಾತ್ರ ಉಜ್ಜಿ ಉಜ್ಜಿ ಬಣ್ಣ ಏಳುತ್ತದೆ. ಸ್ಟ್ಯಾಂಡ್ ಕೊಟ್ಟಿಲ್ಲ, ಶುದ್ಧ ಜಿಪುಣತನ! ಬಿಸಿಲು ಬೀಳುವ ಕಪಾಟಿನಲ್ಲಿಟ್ಟರೆ ಪಿವಿಸಿ ಪ್ಲಾಸ್ಟಿಕ್ ಕ್ರಮೇಣ ಅಂಟಂಟಾಗುತ್ತದೆ.