ಹಳೇ ಕಾರಿನ ಬ್ರೇಕ್: ಕಿಟ್ ಹಾಕಿದರೆ ಸಾಕೇ, ಸಿಲಿಂಡರೇ ಹೊಸದು ಬೇಕೇ?

ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವುದು ಮಾಸ್ಟರ್ ಸಿಲಿಂಡರ್. ಅದರ ಕಿಟ್ ಎಂದರೆ ಆಯಿಲ್ ಹಿಂದಕ್ಕೆ ಸೋರದಂತೆ ತಡೆಯುವ ಒಂದೆರಡು ರಬ್ಬರ್ ಕಪ್, ಧೂಳು ತಡೆಯುವ ಬೂಟ್, ಕೆಲವದರಲ್ಲಿ ಸ್ಪ್ರಿಂಗು, ಸರ್‌ಕ್ಲಿಪ್ಪು. ರಬ್ಬರ್ ಎಷ್ಟೇ ಚೆನ್ನಾಗಿರಲಿ, ಬೋರ್ (ಸಿಲಿಂಡರಿನ ಒಳಗೋಡೆ) ಕೆಟ್ಟಿದ್ದರೆ ಕಿಟ್ ದಂಡ. ಹಾಗಾಗಿ ಮೊದಲು ಸಿಲಿಂಡರ್ ಬಿಚ್ಚಿ, ಸ್ಪಿರಿಟ್‌ನಲ್ಲಿ ಒರೆಸಿ, ಟಾರ್ಚ್ ಬಿಟ್ಟು ನೋಡಿ. ಬರೀ ಕಪ್ಪು ಕಲೆಯಾದರೆ ಚಿಂತೆಯಿಲ್ಲ. ಕಪ್ ಓಡಾಡುವ ಜಾಗದಲ್ಲಿ ಉಗುರಿಗೆ ಸಿಗುವ ಗುಳಿ ಇದ್ದರೆ ಕಿಟ್ ಆಸೆ ಬಿಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಿಂತೇ ಇರುವ ಕಾರಿನಲ್ಲಿ ಈ ಗುಳಿಗಳು ಬೀಳುವುದು ಅದರಿಂದಲೇ.

ಎರಕದ ಕಬ್ಬಿಣದ ಬೋರಿಗೆ ನುಣುಪು ಕಲ್ಲಿನಿಂದ ಹಗುರಾಗಿ ಉಜ್ಜಿ ಹೋನಿಂಗ್ ಮಾಡಬಹುದು. ಅಲ್ಯುಮಿನಿಯಂ ಬೋರಿಗೆ ಮಾತ್ರ ಕಲ್ಲು ತಾಗಿಸಲೇಬೇಡಿ. ಮೇಲಿನ ಗಟ್ಟಿ ಅನೋಡೈಸ್ ಪದರ ಹೋದರೆ ಒಳಗಿನ ಮೆದು ಲೋಹ ಬೇಗ ಸವೆಯುತ್ತದೆ.

ಹೊಸ ಸಿಲಿಂಡರ್ ತರುವಾಗ ಬೋರ್ ಅಳತೆ ತಾಳೆ ನೋಡಿ. 3/4 ಇಂಚಿನ ಜಾಗಕ್ಕೆ 7/8 ಇಂಚಿನದು ಕೂತರೆ, ಅಷ್ಟೇ ಒತ್ತಡಕ್ಕೆ ಕಾಲು ಸುಮಾರು 36% ಹೆಚ್ಚು ಬಲ ಹಾಕಬೇಕು. ಸರಿಯಾದ ಹೊಸದು ಸಿಗದಿದ್ದರೆ ಹಳೆಯದಕ್ಕೇ ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯ ಸ್ಲೀವ್ (ಬೋರಿನೊಳಗೆ ಕೂರಿಸುವ ಕೊಳವೆ) ಹಾಕಿಸುವುದು ನಮ್ಮ ಪ್ರಕಾರ ಅತ್ಯುತ್ತಮ ದಾರಿ. ಆದರೆ ಸ್ಲೀವ್‌ನಲ್ಲಿ ಆಯಿಲ್ ಮರಳುವ ಸಣ್ಣ ತೂತನ್ನು ಮತ್ತೆ ಕೊರೆದು, ಅದರ ಅಂಚಿನ ಮುಳ್ಳು ತೆಗೆದಿದ್ದಾರೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಮುಳ್ಳು ಉಳಿದರೆ ಕಪ್ ಕತ್ತರಿಸುತ್ತದೆ. ತೂತು ಮುಚ್ಚಿದ್ದರೆ ಬ್ರೇಕ್ ಹಿಡಿದೇ ಇರುತ್ತದೆ.

ಡಿಸ್ಕ್ ಬ್ರೇಕಿನಲ್ಲಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಲೆಕ್ಕವೇ ಬೇರೆ. ಹಳೇ ಕಾರುಗಳ ಬಹುಪಾಲು ಕ್ಯಾಲಿಪರ್‌ಗಳಲ್ಲಿ ಸೀಲ್ ಕೂರುವುದು ಬೋರಿನಲ್ಲಿ ಕೊರೆದ ತೋಡಿನಲ್ಲಿ, ಜಾರುವುದು ಪಿಸ್ಟನ್ ಮೇಲೆ. ಆದ್ದರಿಂದ ಬೋರಿನ ಅಲ್ಪಸ್ವಲ್ಪ ತುಕ್ಕು ಲೆಕ್ಕಕ್ಕಿಲ್ಲ, ಪಿಸ್ಟನ್ನಿನ ಕ್ರೋಮ್ ಎದ್ದಿದ್ದರೆ ಮಾತ್ರ ಸೋರುತ್ತದೆ. ಸ್ಟೇನ್‌ಲೆಸ್ ಪಿಸ್ಟನ್, ಹೊಸ ಸೀಲ್ ಹಾಕಿದರೆ ಹಳೇ ಬಾಡಿ ಇನ್ನೂ ಬಹುಕಾಲ ಬಾಳುತ್ತದೆ. ಆದರೆ ಸೀಲ್ ಕೂರುವ ತೋಡಿನ ತಳದ ತುಕ್ಕನ್ನು ಪೂರ್ತಿ ಕೆರೆದು ತೆಗೆಯಿರಿ. ಅದು ಸೀಲನ್ನು ಮೇಲಕ್ಕೆತ್ತಿ ಪಿಸ್ಟನ್ ಹಿಡಿಯುವಂತೆ ಮಾಡುತ್ತದೆ.

ಡ್ರಮ್ ಬ್ರೇಕಿನ ಚಕ್ರದಲ್ಲಿರುವ ವೀಲ್ ಸಿಲಿಂಡರ್ ಹೊಸದು ಸಿಗುವುದಾದರೆ ಕಿಟ್ ಗೋಜಿಗೆ ಹೋಗದೆ ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಿ. ಆಯಿಲ್ ಸಾಗುವ ರಬ್ಬರ್ ಹೋಸ್‌ಗೆ (ಮೆದು ಪೈಪಿಗೆ) ರಿಪೇರಿಯೇ ಇಲ್ಲ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಉಬ್ಬಿಕೊಂಡು, ಪೆಡಲ್ ಬಿಟ್ಟ ಮೇಲೂ ಆಯಿಲ್ ವಾಪಸ್ ಬರದಂತೆ ತಡೆಯುತ್ತದೆ.

ಜೋಡಿಸುವಾಗ ಕಪ್‌ಗೆ ಹೊಸ ಬ್ರೇಕ್ ಆಯಿಲ್ ಅಥವಾ ರಬ್ಬರ್ ಗ್ರೀಸ್ ಮಾತ್ರ ಸವರಿ. ಎಂಜಿನ್ ಆಯಿಲ್, ಸಾದಾ ಗ್ರೀಸ್, ಪೆಟ್ರೋಲ್ ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ. ಹಳೇ ಸಿಲಿಂಡರ್ ಇಟ್ಟುಕೊಂಡೇ ಆಯಿಲ್‌ನಲ್ಲಿ ಸೇರಿದ ಏರ್ ತೆಗೆಯುವಾಗ ಪೆಡಲನ್ನು ತಳದವರೆಗೆ ತುಳಿಯಬೇಡಿ: ಕಪ್ ತಾನು ಎಂದೂ ಹೋಗದ, ತುಕ್ಕು ಹಿಡಿದ ಭಾಗಕ್ಕೆ ಹೋಗಿ ಹರಿದುಹೋಗುತ್ತದೆ. ಕೊನೆಗೆ ಪೆಡಲನ್ನು ಒಂದು ನಿಮಿಷ ಗಟ್ಟಿಯಾಗಿ ಒತ್ತಿಹಿಡಿಯಿರಿ. ಎಲ್ಲೂ ಸೋರಿಕೆ ಕಾಣದೆ ಪೆಡಲ್ ಮೆಲ್ಲಗೆ ಇಳಿಯುತ್ತಿದ್ದರೆ ಆಯಿಲ್ ಕಪ್ ದಾಟಿ ಹಿಂದಕ್ಕೆ ಬರುತ್ತಿದೆ. ಮಾಸ್ಟರ್ ಸಿಲಿಂಡರನ್ನು ಮತ್ತೆ ಬಿಚ್ಚದೆ ಕಾರು ರಸ್ತೆಗಿಳಿಸಬೇಡಿ.