ಐ7 ಅಂದ ಕೂಡ್ಲೆ ದುಡ್ಡು ಕೊಡ್ಬೇಡಿ, ಮುಂದಿನ ನಂಬರ್ ಕೇಳಿ

ಕಡಿಮೆ ಬಜೆಟ್‌ನಲ್ಲಿ ಗೇಮಿಂಗ್ ಪಿಸಿ ತಗೊಳ್ಳೋ ಯೋಚ್ನೆ ಇದ್ದವ್ರು ದಯವಿಟ್ಟು ಇದನ್ನ ಓದಿ. ನನ್ನ ತಮ್ಮನ 26 ಸಾವಿರ ಹೋಯ್ತು, ಅದೂ ಅವ್ನು ಎರಡು ವರ್ಷ ಊರಲ್ಲಿ ಅವ್ರಿವ್ರ ಮನೆಗೆ ಅಡಿಕೆ ಸುಲಿಲಿಕ್ಕೆ ಹೋಗಿ ಕೂಡಿಟ್ಟ ದುಡ್ಡು, ಮೇಲಿನ ಸ್ವಲ್ಪ ಮಾತ್ರ ನಾನು ಹಾಕಿದ್ದು.

ನಮ್ದು ಶಿರಸಿ ಕಡೆ ಹಳ್ಳಿ. ಘಟ್ಟದ ಕೆಳಗೆ ಒಂದು ಅಂಗಡಿಯಲ್ಲಿ ಕಡಿಮೆಗೆ ಸಿಗ್ತದೆ ಅಂತ ಗೊತ್ತಿದ್ದವ್ರು ಹೇಳಿದ್ರು, ಹೋದ್ವಿ. ಗಾಜಿನ ಬಾಗಿಲಿನ ಕ್ಯಾಬಿನೆಟ್, ಒಳಗೆ ಮೂರು ಫ್ಯಾನು ಬಣ್ಣಬಣ್ಣದ ಲೈಟು, ಮುಂದೆ ಐ7 ಸ್ಟಿಕ್ಕರ್. "ಐ7 ಪ್ರೊಸೆಸರ್, 16 ಜಿಬಿ ರ್‍ಯಾಮ್, 4 ಜಿಬಿ ಗ್ರಾಫಿಕ್ ಕಾರ್ಡ್, ಯಾವ ಗೇಮ್ ಹಾಕಿದ್ರೂ ಓಡ್ತದೆ ಅಣ್ಣ" ಅಂದ್ರು. ಇಂಟೆಲ್ ಕಂಪನಿ ಪ್ರೊಸೆಸರ್‌ಗಳಲ್ಲಿ ಐ3, ಐ5, ಐ7 ಅಂದ್ರೆ ನಂಬರ್ ದೊಡ್ಡದಾದಷ್ಟೂ ಒಳ್ಳೇದು ಅಂತ ಅಷ್ಟೇ ನಂಗೆ ಗೊತ್ತಿದ್ದಿದ್ದು. ದುಡ್ಡು ಎಣಿಸಿ ಕೊಟ್ವಿ. ಮಳೆ ಜೋರಿತ್ತು, ಗೊಬ್ಬರದ ಪ್ಲಾಸ್ಟಿಕ್ ಚೀಲ ಸುತ್ತಿ ದೇವಿಮನೆ ಘಟ್ಟ ಹತ್ತೋ ತನ್ಕ ತಮ್ಮ ಅದನ್ನ ಬಸ್ಸಲ್ಲಿ ತೊಡೆ ಮೇಲಿಂದ ಕೆಳಗೆ ಇಡ್ಲಿಲ್ಲ.

ಮನೆಗೆ ಬಂದು ಮೊದ್ಲು ಹಾಕಿದ್ದೇ ವ್ಯಾಲೊರಂಟ್. ಓಪನ್ ಆಗೋ ಮೊದ್ಲೇ ವ್ಯಾನ್ 9001 ಅಂತ ಎರರ್. ನೆಟ್ ಸರಿ ಇಲ್ಲ ಅಂದ್ಕೊಂಡು ಎರಡು ದಿನ ಕಳೆದ್ವಿ, ಮತ್ತೆ ಇನ್‌ಸ್ಟಾಲ್ ಮಾಡಿದ್ವಿ, ಅದೇ ಕತೆ. ಬೇರೆ ಹೊಸ ಗೇಮ್ ಹಾಕಿದ್ರೆ ತಡೆದು ತಡೆದು ಓಡ್ತದೆ, ಫ್ಯಾನ್ ಮಾತ್ರ ಭರ್ರ್ ಅಂತ ತಿರುಗ್ತದೆ. "ಹೊಸ ಕಂಪ್ಯೂಟರ್ ತಂದ ಮೇಲೂ ಈ ಮಾಣಿ ಎಂತಕ್ಕೆ ಮುಖ ಸಣ್ಣ ಮಾಡ್ಕಂಡು ಕೂತಿದ್ದ?" ಅಂತ ಆಯಿ ಕೇಳಿದಾಗ ನಂಗೆ ಉತ್ತರ ಕೊಡ್ಲಿಕ್ಕೆ ಆಗ್ಲಿಲ್ಲ.

ಕಡೆಗೆ ಕ್ಯಾಬಿನೆಟ್ ಬಿಚ್ಚಿದ್ವಿ. ಕೂಲರ್ ತೆಗೆದ್ರೆ ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ಹಳೇ ಸುಣ್ಣದ ಹಾಗೆ ಚಕ್ಕೆ ಏಳ್ತಾ ಇತ್ತು. ಬಟ್ಟೆಯಲ್ಲಿ ಒರೆಸಿ ಟಾರ್ಚ್ ಬಿಟ್ಟು ನೋಡಿದ್ರೆ ಸಣ್ಣ ಅಕ್ಷರದಲ್ಲಿ ಐ7-2600, 3.40 ಗಿಗಾಹರ್ಟ್ಸ್. ಅದು ಬಂದಿದ್ದು 2011ರಲ್ಲಿ! ಎರಡನೇ ಜನರೇಷನ್. ಮದರ್‌ಬೋರ್ಡು ಅದೇ ಕಾಲದ ಎಚ್61, ರ್‍ಯಾಮ್ ಹಳೇ ಥರದ ಡಿಡಿಆರ್3, ಗ್ರಾಫಿಕ್ ಕಾರ್ಡ್ ಜಿಟಿ 730, ಅದು 2014ರದ್ದು. 4 ಜಿಬಿ ಇದ್ದದ್ದು ಸುಳ್ಳಲ್ಲ, ಆದ್ರೆ ಕಾರ್ಡೇ ನಿಧಾನ ಇದ್ರೆ ಅಷ್ಟು ಮೆಮೊರಿ ಇದ್ದು ಎಂತ ಉಪಯೋಗ.

ಎರರ್ ಎಂತಕ್ಕೆ ಅಂತ ಆಮೇಲೆ ಅರ್ಥ ಆಯ್ತು. ವಿಂಡೋಸ್ 11ಕ್ಕೆ ಇಂಟೆಲ್ ಆದ್ರೆ 8ನೇ ಜನರೇಷನ್ನೋ ಅದ್ರ ಮೇಲಿಂದೋ ಬೇಕು, ಟಿಪಿಎಂ 2.0 ಅನ್ನೋ ಭದ್ರತೆ ಚಿಪ್ ವ್ಯವಸ್ಥೆ ಬೇಕು. ಅಂಗಡಿಯವ್ರು ಆ ಚೆಕ್ ತಪ್ಪಿಸಿ ವಿಂಡೋಸ್ 11 ಕೂರಿಸಿದ್ರು. ಆದ್ರೆ ವಿಂಡೋಸ್ 11ರಲ್ಲಿ ವ್ಯಾಲೊರಂಟ್ ತಾನೇ ಟಿಪಿಎಂ 2.0, ಸೆಕ್ಯೂರ್ ಬೂಟ್ (ಕಂಪ್ಯೂಟರ್ ಶುರು ಆಗೋವಾಗ ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಓಡ್ಲಿಕ್ಕೆ ಬಿಡೋದು) ಎರಡೂ ಇದ್ಯಾ ಅಂತ ನೋಡ್ತದೆ, ಇಲ್ದಿದ್ರೆ ಒಳಗೆ ಬಿಡೋದಿಲ್ಲ. ವಿಂಡೋಸ್ 10ಕ್ಕೆ ವಾಪಸ್ ಹೋಗೋಣ ಅಂದ್ರೆ ಅದ್ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಮತ್ತೆ ಈ ಪ್ರೊಸೆಸರ್‌ನಲ್ಲಿ ಎವಿಎಕ್ಸ್2 ಅನ್ನೋ, ಲೆಕ್ಕ ಬೇಗ ಮಾಡೋ ಸೌಲಭ್ಯವೇ ಇಲ್ಲ, ಅದು ಬೇಕೇ ಬೇಕು ಅನ್ನೋ ಹೊಸ ಗೇಮ್‌ಗಳು ಎಷ್ಟು ದುಬಾರಿ ಗ್ರಾಫಿಕ್ ಕಾರ್ಡ್ ಹಾಕಿದ್ರೂ ಶುರುವೇ ಆಗೋದಿಲ್ಲ.

ವಾಪಸ್ ತಗೊಂಡು ಹೋದೆ. "ನೀವು ಐ7 ಕೇಳಿದ್ರಿ, ಐ7 ಕೊಟ್ಟಿದ್ದೇವೆ" ಅಂದ್ರು. ಬಿಲ್ ತೆಗೆದು ನೋಡಿದ್ರೆ "ಕಂಪ್ಯೂಟರ್ ಸೆಟ್ - 1" ಅಂತ ಬಿಟ್ರೆ ಬೇರೆ ಎಂತದೂ ಇಲ್ಲ. ಅಲ್ಲಿ ನಾನು ಎಂತ ವಾದ ಮಾಡ್ಲಿ?

ಅದಕ್ಕೇ ಹೇಳೋದು, ಐ7 ಅನ್ನೋದ್ರ ಮುಂದಿನ ನಂಬರ್ ನೋಡಿ. 2600 ಅಂದ್ರೆ 2ನೇ ಜನರೇಷನ್, 12100 ಅಂದ್ರೆ 12ನೇದು. 2022ರ ಐ3-12100ಗೂ ಆ ಹಳೇ ಐ7 ಥರಾನೇ 4 ಕೋರ್ (ಕೆಲಸ ಮಾಡೋ ಭಾಗ) 8 ಥ್ರೆಡ್ (ಒಟ್ಟಿಗೆ ನಡೆಸ್ಬಹುದಾದ ಕೆಲಸದ ಸಾಲು), ಆದ್ರೆ ಗೇಮ್‌ನಲ್ಲಿ ಐ3 ಎಷ್ಟೋ ಮುಂದೆ. ಸ್ಟಿಕ್ಕರ್ ನಂಬ್ಬೇಡಿ, ಅಂಗಡಿಯಲ್ಲೇ ಆನ್ ಮಾಡ್ಸಿ ಟಾಸ್ಕ್ ಮ್ಯಾನೇಜರ್ ಓಪನ್ ಮಾಡಿ ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ, ಪೂರ್ತಿ ಹೆಸ್ರು ಬರ್ತದೆ, ಫೋಟೋ ತೆಗೆದಿಟ್ಕೊಳ್ಳಿ. ಪ್ರೊಸೆಸರ್, ಬೋರ್ಡು, ಕಾರ್ಡು ಮೂರರದ್ದೂ ಮಾಡೆಲ್ ನಂಬರ್ ಬಿಲ್ಲಲ್ಲಿ ಬರೆಸಿ, ಬರೆಯೋದಿಲ್ಲ ಅಂದ್ರೆ ಎದ್ದು ಬನ್ನಿ. ನಂಬರ್ ಕೊನೆಗೆ ಎಫ್ ಇದ್ರೂ ಗಮನ ಇರ್ಲಿ, 12100ಎಫ್ ಥರದ್ದಕ್ಕೆ ಒಳಗೆ ಗ್ರಾಫಿಕ್ಸ್ ಇರೋದಿಲ್ಲ, ಬೇರೆ ಕಾರ್ಡ್ ಹಾಕ್ದೆ ಹೋದ್ರೆ ಮಾನಿಟರಲ್ಲಿ ಎಂತದೂ ಕಾಣೋದಿಲ್ಲ.

ಆರು ತಿಂಗಳು ಬಿಟ್ಟು ಬಿಡಿಬಿಡಿಯಾಗಿ ಕೇಳಿ ತಗೊಂಡಿದ್ದು ಎಎಂಡಿ ಕಂಪನಿಯ ರೈಜನ್ 5 5600ಜಿ ಪ್ರೊಸೆಸರ್. 6 ಕೋರ್ 12 ಥ್ರೆಡ್, ಗ್ರಾಫಿಕ್ಸ್ ಅದ್ರಲ್ಲೇ ಇದೆ, ಸದ್ಯ ಕಾರ್ಡ್ ಬೇಡ. ರ್‍ಯಾಮ್ ಮಾತ್ರ 8 ಜಿಬಿಯ ಎರಡು ಸ್ಟಿಕ್ ಹಾಕ್ಸಿ, 16ರ ಒಂದೇ ಬೇಡ, ಯಾಕಂದ್ರೆ ಅದ್ರ ಗ್ರಾಫಿಕ್ಸ್ ಇದೇ ರ್‍ಯಾಮನ್ನ ಬಳಸ್ತದೆ, ಎರಡಿದ್ರೆ ಸಾಗೋ ದಾರಿ ಅಗಲ ಆಗ್ತದೆ. ಮೊದ್ಲೇ ಒಳ್ಳೇ ಕಾರ್ಡ್ ಹಾಕ್ಲಿಕ್ಕೆ ದುಡ್ಡಿದ್ದವ್ರಿಗೆ ಜಿ ಇಲ್ಲದ 5600 ಒಳ್ಳೇದು, ಅದಕ್ಕೆ 32 ಎಂಬಿ ಕ್ಯಾಶ್ (ಪ್ರೊಸೆಸರ್ ಒಳಗೇ ಇರೋ ವೇಗದ ಮೆಮೊರಿ), ಜಿಗೆ 16 ಅಷ್ಟೆ. ಹಳೇ ಸ್ಟಾಕಿನ ಬಿ450 ಬೋರ್ಡ್ ಕೊಟ್ರೆ ಬಯೋಸ್ (ಬೋರ್ಡು ಪ್ರೊಸೆಸರನ್ನ ಗುರುತಿಸ್ಲಿಕ್ಕೆ ಬೇಕಾದ, ಬೋರ್ಡಲ್ಲೇ ಇರೋ ಸಾಫ್ಟ್‌ವೇರ್) ಅಪ್‌ಡೇಟ್ ಅಲ್ಲೇ ಮಾಡ್ಸಿ ತನ್ನಿ, ಮನೆಗೆ ಬಂದ ಮೇಲೆ ಕಷ್ಟ.

ಹಳೇದನ್ನ ಐ7 ಅಂತ ಹೇಳಿ ಮಾರಿಬಿಡು, ಅರ್ಧ ದುಡ್ಡಾದ್ರೂ ಬರ್ತದೆ ಅಂತ ಇಬ್ಬರು ಮೂವರು ಹೇಳಿದ್ರು. ತಮ್ಮ ಬೇಡವೇ ಬೇಡ ಅಂದ. ಈಗ ಅದ್ರಲ್ಲಿ ಅಪ್ಪ ತೋಟದ ಲೆಕ್ಕ ಬರೀತಾನೆ.