ಗೇಮ್ ಕಂಪನಿಗೆ ದೂರು: ಯಾವ ಕಿವಿಗೆ ಹೇಳಿದರೆ ಕೇಳುತ್ತದೆ?

ಮಳೆಗಾಲದಲ್ಲಿ ಕರೆಂಟು ಹೋದಾಗ ಕಾಸರಗೋಡಿನ ಬದಿಯಡ್ಕದಿಂದಲೋ ಪೆರ್ಲದಿಂದಲೋ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಗೆ ಫೋನ್ ಮಾಡುವವರಲ್ಲಿ ಎರಡು ಬಗೆ. "ನಮ್ಮಲ್ಲಿ ಕರೆಂಟಿಲ್ಲ, ನಿಮಗೆಂತ ಕೆಲಸ ಇಲ್ವಾ?" ಎಂದು ಬಯ್ಯುವವರು ಒಂದು. "ಇಂಥ ಟ್ರಾನ್ಸ್‌ಫಾರ್ಮರಿನ ಇಷ್ಟನೇ ನಂಬರಿನ ಕಂಬದ ಹತ್ತಿರ ತಂತಿಯ ಮೇಲೆ ತೆಂಗಿನ ಮಡಲು ಬಿದ್ದಿದೆ" ಎನ್ನುವವರು ಇನ್ನೊಂದು. ಲೈನ್‌ಮ್ಯಾನ್ ಏಣಿ ಹೊತ್ತು ಮೊದಲು ಎತ್ತ ಹೊರಡುತ್ತಾನೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಗೇಮ್ ಮಾಡುವವರು ಆಟಗಾರರ ಮಾತು ಕೇಳುತ್ತಾರೋ ಇಲ್ಲವೋ ಎಂಬ ಜಗಳಕ್ಕೂ ಇದೇ ಉತ್ತರ. ಕಂಪನಿಗೆ ಒಂದೇ ಕಿವಿ ಇರುವುದಿಲ್ಲ. ಟಿಕೆಟ್, ಅಂದರೆ ಸಪೋರ್ಟಿಗೆ ಬರೆದ ದೂರು, ಓದುವವರು ಬೇರೆ, ಸ್ಟೋರ್ ರಿವ್ಯೂ ನೋಡುವವರು ಬೇರೆ, ಕೋಡ್ ಬರೆಯುವವರು ಬೇರೆ, ದುಡ್ಡಿನ ಲೆಕ್ಕ ನೋಡುವವರು ಬೇರೆ. ಫೋನಿನಲ್ಲೂ ಪಿಸಿಯಲ್ಲೂ ಈ ದಾರಿಗಳನ್ನೆಲ್ಲ ಬಳಸಿ, ಮೂರು ಸಂಗತಿ ಗಮನಿಸಿ ಈ ಹೋಲಿಕೆ ಬರೆದದ್ದು: ಮನುಷ್ಯರು ಬರೆದ ಉತ್ತರ ಬಂತೇ, ಹೆಚ್ಚಿನ ಮಾಹಿತಿ ಕೇಳಿದರೇ, ಮುಂದಿನ ಅಪ್‌ಡೇಟಿನ ಪಟ್ಟಿಯಲ್ಲಿ ಆ ದೋಷದ ಹೆಸರು ಕಾಣಿಸಿತೇ.

ಗೇಮಿನೊಳಗಿನ ಟಿಕೆಟ್

ಸೆಟ್ಟಿಂಗ್ಸ್‌ನೊಳಗೆ ಸಪೋರ್ಟ್ ಎಂದು ಇರುವುದು ಇದೇ. ಇದು ತಲುಪುವುದು ಮೊದಲ ಸಾಲಿನ ಸಹಾಯಕರಿಗೆ. ಅವರ ಕೈಯಲ್ಲಿ ನಿಮ್ಮ ಅಕೌಂಟಿನ ಕೀಲಿ ಇದೆ, ಗೇಮಿನ ಕೋಡ್ ಇಲ್ಲ. ಹಾಗಾಗಿ ಐಡಿ ಬ್ಯಾನ್ ಆದದ್ದು, ಲಾಗಿನ್ ಆಗದ್ದು, ದುಡ್ಡು ಕೊಟ್ಟ ಸ್ಕಿನ್ (ಪಾತ್ರದ ಅಥವಾ ಗನ್ನಿನ ವೇಷ) ಬಾರದ್ದು, ಇಂಥವಕ್ಕೆ ಇದನ್ನು ಮೀರಿಸಿದ ದಾರಿ ಇಲ್ಲ. "ಈ ಗನ್ನಿನ ಡ್ಯಾಮೇಜ್ ಜಾಸ್ತಿ ಆಯ್ತು" ಎಂದು ಇಲ್ಲಿ ಬರೆದರೆ "ನಿಮ್ಮ ಅಭಿಪ್ರಾಯವನ್ನು ತಂಡಕ್ಕೆ ತಿಳಿಸುತ್ತೇವೆ" ಎಂಬ ಸಿದ್ಧ ವಾಕ್ಯ ಬರುತ್ತದೆ, ಅಷ್ಟೇ.

ಮೊದಲ ಉತ್ತರ ಹೆಚ್ಚಾಗಿ ಯಂತ್ರದ್ದು: ಕ್ಯಾಶೆ (ತಾತ್ಕಾಲಿಕ ಫೈಲುಗಳು) ತೆಗೆಯಿರಿ, ಮತ್ತೆ ಇನ್‌ಸ್ಟಾಲ್ ಮಾಡಿ, ನೆಟ್ ನೋಡಿ. ಇದನ್ನೆಲ್ಲ ಮಾಡಿ ಆಗಿದೆ ಎಂದು ಟಿಕೆಟಿನಲ್ಲೇ ಬರೆದರೆ ಒಂದು ಸುತ್ತು ಉಳಿಯುತ್ತದೆ. ಇಲ್ಲೊಂದು ಎಚ್ಚರ ಬೇಕು. ಆಂಡ್ರಾಯ್ಡ್‌ನಲ್ಲಿ 'ಕ್ಲಿಯರ್ ಕ್ಯಾಶೆ' ಒತ್ತಿದರೆ ತೊಂದರೆಯಿಲ್ಲ, ಪಕ್ಕದ 'ಕ್ಲಿಯರ್ ಸ್ಟೋರೇಜ್' ಒತ್ತಿದರೆ ಗೆಸ್ಟ್ ಅಕೌಂಟಿನ ಆಟವೆಲ್ಲ ಹೋಗಬಹುದು. ಮೊದಲು ಅಕೌಂಟನ್ನು ಇಮೇಲ್‌ಗೋ ಗೂಗಲ್ ಐಡಿಗೋ ಜೋಡಿಸಿ, ಆಮೇಲೆ ಉಳಿದದ್ದು. ಪ್ಲೇಯರ್ ಐಡಿಯನ್ನು ಕಾಪಿ ಮಾಡಿಯೇ ಹಾಕಿ. ಕೈಯಲ್ಲಿ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೂ ದೂರು ಬೇರೆಯವರ ಅಕೌಂಟಿನ ಮೇಲೆ ಕೂರುತ್ತದೆ. ಒಂದು ತೊಂದರೆಗೆ ಒಂದೇ ಟಿಕೆಟ್. ಅವಸರಕ್ಕೆ ನಾಲ್ಕು ಹಾಕಿದರೆ ಸಾಮಾನ್ಯವಾಗಿ ಎಲ್ಲವನ್ನೂ ಒಂದರೊಳಗೆ ಸೇರಿಸುತ್ತಾರೆ, ಸಾಲಿನಲ್ಲಿ ಮುಂದೆ ಹೋಗುವುದಿಲ್ಲ.

ಪ್ಲೇ ಸ್ಟೋರಿನ ನಕ್ಷತ್ರ

ಇಲ್ಲಿ ಬರೆಯಲು ಸಿಗುವುದು 500 ಅಕ್ಷರ, ಕಂಪನಿಗೆ ಉತ್ತರಿಸಲು ಸಿಗುವುದು 350. "ವೇಸ್ಟ್ ಗೇಮ್" ಎಂದು ಒಂದು ಸ್ಟಾರ್ ಕೊಟ್ಟು ಹೋಗುವವರಿಗೆ ಗೊತ್ತಿಲ್ಲದ ಸಂಗತಿ: ರಿವ್ಯೂ ಜೊತೆಗೆ ಫೋನಿನ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ, ಗೇಮಿನ ಆವೃತ್ತಿ ಡೆವಲಪರ್‌ಗೆ ತಾನಾಗಿ ಕಾಣಿಸುತ್ತವೆ. ಆ ಮೂರಕ್ಕೆ ಅಕ್ಷರ ಖರ್ಚು ಮಾಡಬೇಡಿ. ಕಾಣದ್ದನ್ನು ಬರೆಯಿರಿ. "ಎರಡನೇ ಮ್ಯಾಚ್ ಮುಗಿದು ಲಾಬಿಗೆ ಬರುವಾಗ ಕಪ್ಪು ಪರದೆ. ವೈಫೈಯಲ್ಲೂ ಡೇಟಾದಲ್ಲೂ ಹಾಗೇ. ಗ್ರಾಫಿಕ್ಸ್ ಸ್ಮೂತ್‌ನಲ್ಲಿಟ್ಟರೆ ಬರುವುದಿಲ್ಲ, ಎಚ್‌ಡಿಯಲ್ಲಿಟ್ಟರೆ ಪ್ರತಿ ಸಲ. ಹಿಂದಿನ ಅಪ್‌ಡೇಟಿನಲ್ಲಿ ಇರಲಿಲ್ಲ." ಕಡೆಯ ಎರಡು ವಾಕ್ಯಗಳಿಗೆ ಬೆಲೆ ಜಾಸ್ತಿ, ಯಾವ ಬದಲಾವಣೆಯಿಂದ ಕೆಟ್ಟಿತು ಎಂದು ಹುಡುಕುವ ಕೆಲಸ ಅರ್ಧ ಅಲ್ಲೇ ಮುಗಿಯಿತು.

ಕನ್ನಡದಲ್ಲಿ ಬರೆದರೆ ಓದುತ್ತಾರಾ? ಬೇರೆ ಭಾಷೆಯ ರಿವ್ಯೂಗಳ ಅನುವಾದ ಡೆವಲಪರ್‌ನ ಪರದೆಯಲ್ಲಿ ಕಾಣಿಸುವ ಸೌಲಭ್ಯ ಇದೆ. ಆದರೆ ನಾವು ಮಾತಾಡುವ ಹಾಗೆ "ಗೇಮು ಸ್ಟಕ್ಕಾಗಿ ನಿಂತೇ ಹೋಗ್ತದೆ ಮಾರಾಯ್ರೆ" ಎಂದು ಬರೆದರೆ ಯಂತ್ರದ ಕೈಯಲ್ಲಿ ಅದು ಏನಾಗಿ ಹೊರಬರುತ್ತದೋ! ಚಿಕ್ಕ ವಾಕ್ಯ, ಗ್ರಂಥದ ಕನ್ನಡ, ಮೆನುವಿನ ಹೆಸರುಗಳು ಪರದೆಯಲ್ಲಿ ಇದ್ದಂತೆಯೇ. ಆಗ ತೊಂದರೆ ಕಡಿಮೆ.

ಬರೆದ ದೂರಿಗಿಂತ ಗಟ್ಟಿಯಾಗಿ ಕೇಳಿಸುವುದು ಬರೆಯದ ದೂರು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ವಿಭಾಗದೊಳಗೆ ಬಳಕೆ ಮತ್ತು ಡಯಾಗ್ನೋಸ್ಟಿಕ್ಸ್ ಹಂಚಿಕೆಯ ಸ್ವಿಚ್ ಇರುತ್ತದೆ. ಅದು ಆನ್ ಇದ್ದರೆ ಗೇಮ್ ಕ್ರ್ಯಾಶ್ ಆದ ಪ್ರತಿ ಸಲ ವರದಿ ಹೋಗುತ್ತದೆ. ಬೆರಳು ಒತ್ತಿದ್ದಕ್ಕೆ 5 ಸೆಕೆಂಡು ಸ್ಪಂದಿಸದೆ ಹೆಪ್ಪುಗಟ್ಟಿದರೂ ಹೋಗುತ್ತದೆ. ಗೂಗಲ್ ಇದಕ್ಕೆ ಗೆರೆ ಎಳೆದಿದೆ: ದಿನದ ಬಳಕೆದಾರರಲ್ಲಿ 1.09 ಶೇಕಡಕ್ಕಿಂತ ಹೆಚ್ಚು ಜನರಿಗೆ ಕ್ರ್ಯಾಶ್, ಅಥವಾ 0.47 ಶೇಕಡಕ್ಕಿಂತ ಹೆಚ್ಚು ಜನರಿಗೆ ಹೆಪ್ಪುಗಟ್ಟುವಿಕೆ ಕಂಡರೆ ಸ್ಟೋರಿನಲ್ಲಿ ಆ ಆ್ಯಪ್ ಕಾಣಿಸಿಕೊಳ್ಳುವುದು ಕಡಿಮೆಯಾಗಬಹುದು. ಒಂದು ನಿರ್ದಿಷ್ಟ ಫೋನ್ ಮಾಡೆಲ್‌ನಲ್ಲಿ 8 ಶೇಕಡ ದಾಟಿದರೆ ಆ ಮಾಡೆಲ್‌ನವರಿಗೆ ಸ್ಟೋರಿನ ಪುಟದಲ್ಲೇ ಎಚ್ಚರಿಕೆ ತೋರಿಸಬಹುದು. ಇಂಥ ಸಂಖ್ಯೆಗೆ ಕಂಪನಿ ಎದ್ದು ಕೂರುತ್ತದೆ. ಹತ್ತು ಹನ್ನೆರಡು ಸಾವಿರದ ಫೋನಿನಲ್ಲಿ ಆಡುವವರು ಆ ಸ್ವಿಚ್ ಆಫ್ ಮಾಡಿ "ನಮ್ಮ ಫೋನಿಗೆ ಯಾರೂ ಗಮನ ಕೊಡುವುದಿಲ್ಲ" ಎಂದರೆ, ಲೆಕ್ಕಕ್ಕೇ ಸಿಗದವರಿಗೆ ಗಮನ ಕೊಡುವುದು ಹೇಗೆ?

ಸ್ಟೀಮಿನ ಹೆಬ್ಬೆರಳು

ಪಿಸಿ ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ರಿವ್ಯೂ ಎಂದರೆ ಹೆಬ್ಬೆರಳು ಮೇಲೆ ಅಥವಾ ಕೆಳಗೆ; ಆಡುವವರ ಕೈಯಲ್ಲಿರುವ ದೊಡ್ಡ ಕೋಲು ಇದು. 10 ರಿವ್ಯೂ ಆಗುವವರೆಗೆ ಗೇಮಿಗೆ ಒಟ್ಟು ಅಭಿಪ್ರಾಯದ ಪಟ್ಟಿಯೇ ಅಂಟುವುದಿಲ್ಲ; ಒಳ್ಳೆಯದೆಂದವರು 70 ಶೇಕಡಕ್ಕಿಂತ ಕೆಳಗಿಳಿದರೆ 'ಮಿಶ್ರ' ಎಂಬ ಹಣೆಪಟ್ಟಿ. ಇಬ್ಬರು ಮೂವರು ಸೇರಿ ಮಾಡಿದ ಸಣ್ಣ ಗೇಮಿನ ಪುಟದಲ್ಲಿ 40 ರಿವ್ಯೂ ಇದ್ದರೆ, ನಿಮ್ಮದನ್ನು ಖಂಡಿತ ಓದುತ್ತಾರೆ. ಉತ್ತರವೂ ಹೆಚ್ಚಾಗಿ ಬರುತ್ತದೆ. ಲಕ್ಷ ರಿವ್ಯೂ ಇರುವ ಗೇಮಿನಲ್ಲಿ ನಿಮ್ಮದು ಸಮುದ್ರಕ್ಕೆ ಹೊಯ್ದ ಬೊಗಸೆ ನೀರು. ಸ್ಟೀಮ್ ತಾಣವನ್ನೇ ಕನ್ನಡದಲ್ಲಿ ಬಳಸಲು ಬರುವುದಿಲ್ಲ, ಅದೊಂದು ಕೊರತೆ.

ಆದರೆ ಎಲ್ಲರೂ ಒಟ್ಟಿಗೆ ಹೊಯ್ದರೆ? 2024ರ ಮೇ 3ರಂದು ಹೆಲ್‌ಡೈವರ್ಸ್ 2 ಆಡುವ ಪಿಸಿಯವರೂ ಪ್ಲೇಸ್ಟೇಷನ್ ಅಕೌಂಟ್ ಜೋಡಿಸಲೇಬೇಕು ಎಂದು ಸೋನಿ ಪ್ರಕಟಿಸಿತು. ಆ ಅಕೌಂಟ್ ಮಾಡಲು ಅವಕಾಶವೇ ಇಲ್ಲದ ದೇಶಗಳು ಬಹಳ. ಎರಡು ಲಕ್ಷಕ್ಕೂ ಹೆಚ್ಚು ನೆಗೆಟಿವ್ ರಿವ್ಯೂ ಬಿದ್ದವು. ಮೂರೇ ದಿನದಲ್ಲಿ ನಿರ್ಧಾರ ವಾಪಸ್. 2017ರ ನವೆಂಬರಿನಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಬಿಡುಗಡೆಯ ಹೊಸ್ತಿಲಲ್ಲಿ ಇಎ ಕಂಪನಿ ಗೇಮಿನೊಳಗಿನ ಖರೀದಿಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದ್ದೂ ಇಂಥದೇ ಒತ್ತಡಕ್ಕೆ. ರೆಡ್ಡಿಟ್ ಎಂಬ ಚರ್ಚಾ ತಾಣದಲ್ಲಿ ಕಂಪನಿ ಕೊಟ್ಟ ಸಮಜಾಯಿಷಿಗೆ ಆರು ಲಕ್ಷಕ್ಕೂ ಹೆಚ್ಚು ಡೌನ್‌ವೋಟ್ ಬಿದ್ದಿತ್ತು.

ಇವೆರಡೂ ಒಬ್ಬ ಅಧಿಕಾರಿ ಸಹಿ ಹಾಕಿ ತೆಗೆದುಕೊಂಡ ನಿರ್ಧಾರಗಳು, ಇನ್ನೊಂದು ಸಹಿಯಲ್ಲಿ ವಾಪಸ್ ಆಗುವಂಥವು ಎಂಬುದನ್ನು ಗಮನಿಸಿ. ಕೋಡಿನೊಳಗೆ ಅಡಗಿದ ದೋಷಕ್ಕೆ, ಅಂದರೆ ಬಗ್‌ಗೆ, ಗದ್ದಲದಿಂದ ಪ್ರಯೋಜನ ಕಡಿಮೆ. ಜಿಟಿಎ ಆನ್‌ಲೈನ್ ಲೋಡ್ ಆಗಲು ನಿಮಿಷಗಟ್ಟಲೆ ಬೇಕು ಎಂದು ಆಟಗಾರರು ವರ್ಷಗಟ್ಟಲೆ ಬೈದರು. 2021ರಲ್ಲಿ ಒಬ್ಬ ಆಟಗಾರ ತಾನೇ ಬಿಚ್ಚಿ ನೋಡಿದ. ಸುಮಾರು 10 ಎಂಬಿಯ ಒಂದು ಪಟ್ಟಿ, ಅದರಲ್ಲಿ 63 ಸಾವಿರದಷ್ಟು ವಸ್ತುಗಳು. ಒಂದೊಂದು ಪದ ಓದುವಾಗಲೂ ಗೇಮ್ ಆ ಇಡೀ ಪಠ್ಯದ ಉದ್ದವನ್ನು ಮೊದಲಿಂದ ಅಳೆಯುತ್ತಿತ್ತು. ಆಮೇಲೆ ಪ್ರತಿ ವಸ್ತು ಮೊದಲೇ ಸೇರಿದೆಯೇ ಎಂದು ಅಲ್ಲಿಯವರೆಗಿನ ಎಲ್ಲದರ ಜೊತೆ ತಾಳೆ ನೋಡುತ್ತಿತ್ತು. ಇವೆರಡನ್ನು ಸರಿಪಡಿಸಿದಾಗ ಅವನ ಪಿಸಿಯಲ್ಲಿ 6 ನಿಮಿಷದ ಲೋಡಿಂಗ್ 2 ನಿಮಿಷದೊಳಗೆ ಬಂತು. ಗೇಮಿನ ಕಂಪನಿ ರಾಕ್‌ಸ್ಟಾರ್ ಅದನ್ನು ಒಪ್ಪಿ ಅಪ್‌ಡೇಟ್ ಕೊಟ್ಟಿತು, ಅವನಿಗೆ 10,000 ಡಾಲರ್ ಬಹುಮಾನವನ್ನೂ ಕೊಟ್ಟಿತು. ವರ್ಷಗಟ್ಟಲೆಯ ಬೈಗುಳದಲ್ಲಿ ಇಲ್ಲದ ಕಂಬದ ನಂಬರು ಅವನ ದೂರಿನಲ್ಲಿತ್ತು.

ಬಗ್ ಟ್ರ್ಯಾಕರ್: ಕೋಡ್ ಬರೆಯುವವರ ಕಿವಿ

ಬಗ್‌ಗಳನ್ನು ಒಂದೊಂದಾಗಿ ದಾಖಲಿಸುವ ತಾಣ ಇದು, ಎಲ್ಲ ಗೇಮಿಗೂ ಇಲ್ಲ. ಇದ್ದರೆ ಬಗ್ ವಿಷಯದಲ್ಲಿ ಉಳಿದದ್ದನ್ನೆಲ್ಲ ಬದಿಗಿಡಿ. ಮೈನ್‌ಕ್ರಾಫ್ಟ್‌ಗೆ ಸಾರ್ವಜನಿಕ ಟ್ರ್ಯಾಕರ್ ಇದೆ. ಜಾವಾ ಆವೃತ್ತಿ, ಫೋನಿನ ಬೆಡ್‌ರಾಕ್ ಆವೃತ್ತಿ, ಲಾಂಚರ್, ಒಂದೊಂದಕ್ಕೂ ಬೇರೆ ವಿಭಾಗ. ಹೊಸ ದೂರು ಹಾಕುವ ಮೊದಲು ಹುಡುಕಿ. ಇದ್ದದ್ದನ್ನೇ ಮತ್ತೆ ಹಾಕಿದರೆ 'ಡ್ಯೂಪ್ಲಿಕೇಟ್' ಎಂದು ಮುಚ್ಚುತ್ತಾರೆ. ಇದ್ದರೆ ಅದಕ್ಕೆ ವೋಟ್ ಕೊಡಿ, ಹೊಸ ಆವೃತ್ತಿಯಲ್ಲೂ ಬರುತ್ತಿದೆ ಎಂದು ತಿಳಿಸಿ. "ಇಂಥ ಪ್ರಾಣಿ ಸೇರಿಸಿ" ಎಂಬ ಬೇಡಿಕೆಗೆ ಅಲ್ಲಿ ಜಾಗವಿಲ್ಲ, ಅದಕ್ಕೆ ಬೇರೆಯೇ ತಾಣ ಇದೆ. ಮಾಡ್ (ಹೊರಗಿನವರು ಮಾಡಿದ ಬದಲಾವಣೆ) ಹಾಕಿದ ಗೇಮಿನ ಕ್ರ್ಯಾಶನ್ನೂ ತೆಗೆದುಕೊಳ್ಳುವುದಿಲ್ಲ. ಮಾಡ್ ತೆಗೆದು ಮತ್ತೆ ಬರುತ್ತದೆಯೇ ನೋಡಿಯೇ ಬರೆಯಬೇಕು. ಇನ್ನು ಮೈನ್‌ಕ್ರಾಫ್ಟ್ ಜಾವಾದಲ್ಲಿ ಕನ್ನಡವೂ ಒಂದು ಭಾಷೆ. ಅಲ್ಲಿ ಯಾವುದೋ ಪದ ತಪ್ಪಾಗಿ ಕಂಡರೆ ಟ್ರ್ಯಾಕರಿಗೆ ಹೋಗಬೇಡಿ. ಅನುವಾದ ನಡೆಯುವುದು ಕ್ರೌಡಿನ್ ಎಂಬ ತಾಣದಲ್ಲಿ, ನೀವೇ ಸರಿಯಾದ ಪದ ಸೂಚಿಸಬಹುದು. ನಮ್ಮ ಮಾತಿಗೆ ನಿಜವಾಗಿ ತೂಕ ಇರುವ ಜಾಗ ಅದು, ಏಕೆಂದರೆ ಕನ್ನಡಕ್ಕೆ ಅಲ್ಲಿ ಜನ ಕಡಿಮೆ.

ಫ್ಯಾಕ್ಟೋರಿಯೋ ಎಂಬ ಗೇಮ್ ಮಾಡಿದ ಪ್ರಾಗ್‌ನ ವೂಬ್ ತಂಡದ್ದು ಇನ್ನೂ ನೇರ. ಬಗ್ ವರದಿಯನ್ನು ಪ್ರೋಗ್ರಾಮರ್‌ಗಳೇ ಓದಿ ಉತ್ತರಿಸುತ್ತಾರೆ. ಸರಿಪಡಿಸಿದವು, ಡ್ಯೂಪ್ಲಿಕೇಟ್, ಬಗ್ ಅಲ್ಲ, ಸರಿಪಡಿಸುವುದಿಲ್ಲ ಎಂದು ಬೇರೆ ಬೇರೆ ಪೆಟ್ಟಿಗೆಗೆ ಹಾಕುತ್ತಾರೆ. 'ಸರಿಪಡಿಸುವುದಿಲ್ಲ' ಎಂದು ಮುಖಕ್ಕೆ ಹೇಳುವುದೂ ಕೇಳಿಸಿಕೊಂಡದ್ದರ ಗುರುತೇ; ಸಿಹಿಯಾದ ಸಿದ್ಧ ಉತ್ತರಕ್ಕಿಂತ ಅದೇ ವಾಸಿ. ವರದಿಗೆ ಸೇವ್ ಫೈಲ್ ಮತ್ತು ಲಾಗ್ (ಗೇಮ್ ಏನು ಮಾಡಿತು ಎಂದು ತಾನೇ ಬರೆದಿಡುವ ಫೈಲು) ಬೇಕು. ಇಲ್ಲಿ ಎಡವುವವರು ಬಹಳ. ಈ ಗೇಮ್ ಶುರುವಾದಾಗಲೆಲ್ಲ ಹಳೆಯ ಲಾಗ್ 'ಪ್ರೀವಿಯಸ್' ಎಂಬ ಹೆಸರಿಗೆ ಬದಲಾಗುತ್ತದೆ. ಕ್ರ್ಯಾಶ್ ಆದ ಮೇಲೆ ಒಮ್ಮೆ ತೆರೆದರೆ ಪರವಾಗಿಲ್ಲ, ಎರಡನೇ ಸಲ ತೆರೆದರೆ ಸಾಕ್ಷಿ ಅಳಿಯಿತು. ಆದ್ದರಿಂದ ಕ್ರ್ಯಾಶ್ ಆದ ಕೂಡಲೇ ಲಾಗನ್ನು ಬೇರೆ ಕಡೆಗೆ ಕಾಪಿ ಮಾಡಿ. ಮೈನ್‌ಕ್ರಾಫ್ಟ್ ಜಾವಾ ಹಳೆಯ ಲಾಗನ್ನು ತಾರೀಕು ಹಾಕಿ ಜಿಪ್ ಮಾಡಿ ಇಡುವುದರಿಂದ ಅಲ್ಲಿ ಇಷ್ಟು ಅವಸರವಿಲ್ಲ.

ಆಟಗಾರರು ಸೇರುವ ಚಾಟ್ ತಾಣ ಡಿಸ್ಕಾರ್ಡ್? ಅಲ್ಲಿ ಸಿಗುವ ಸಮಾಧಾನ ದೊಡ್ಡದು, ಫಲ ಚಿಕ್ಕದು. ಮಾತಾಡುವವರು ಕಮ್ಯೂನಿಟಿ ಮ್ಯಾನೇಜರ್, ಕೋಡ್ ಬರೆಯುವವರಲ್ಲ. ಚಾಟ್‌ನಲ್ಲಿ ಹಾಕಿದ್ದು ಅರ್ಧ ಗಂಟೆಯಲ್ಲಿ ಮೇಲಕ್ಕೆ ಹೋಗಿ ಮರೆಯಾಗುತ್ತದೆ. ಬಗ್‌ಗೆಂದೇ ಪ್ರತ್ಯೇಕ ಚಾನೆಲ್, ಅದರಲ್ಲಿ ತುಂಬಲು ನಮೂನೆ ಇದ್ದರೆ ಮಾತ್ರ ಬರೆಯಿರಿ. ಮತದಾನವೇ ನಡೆಸುವವರೂ ಇದ್ದಾರೆ. 2013ರಲ್ಲಿ ಶುರುವಾದ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಗೇಮಿನಲ್ಲಿ ಹೊಸತನ್ನು ಸೇರಿಸಲು ಮತ ಹಾಕಿದ ಆಟಗಾರರಲ್ಲಿ ಮೊದಲು 75 ಶೇಕಡ, ಈಗ 70 ಶೇಕಡ ಜನರ ಒಪ್ಪಿಗೆ ಬೇಕು.

ಲ್ಯಾಗ್ ದೂರು: ಕಳಿಸುವ ಮೊದಲು

ಲ್ಯಾಗ್ ಎಂದರೆ ಆಟ ತಡವರಿಸುವುದು; ಕಾಸರಗೋಡಿನ ಹಳ್ಳಿಗಳಿಂದ ಹೋಗುವ ದೂರುಗಳಲ್ಲಿ ತಕ್ಷಣ ಕಸದ ಬುಟ್ಟಿ ಸೇರುವುದು ಇದೇ. ಆ ಕಡೆಯವರು "ನಿಮ್ಮ ನೆಟ್" ಎಂದು ಕೈ ತೊಳೆದುಕೊಳ್ಳುತ್ತಾರೆ, ಎಷ್ಟೋ ಸಲ ಅದು ನಿಜವೂ ಹೌದು. ಮೊದಲು ಎರಡು ಲ್ಯಾಗ್‌ಗಳನ್ನು ಬೇರೆ ಮಾಡಿ. ಪಿಂಗ್ (ಸಂದೇಶ ಸರ್ವರಿಗೆ ಹೋಗಿ ಬರಲು ಹಿಡಿಯುವ ಸಮಯ) ಹಸಿರಾಗಿಯೇ ಇದ್ದು ಚಿತ್ರ ತಡವರಿಸಿದರೆ ಅದು ಹೆಚ್ಚಾಗಿ ಫೋನ್ ಬಿಸಿಯಾಗಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಬಿದ್ದದ್ದು. ಚಿತ್ರ ನುಣುಪಾಗಿದ್ದು ಎದುರಾಳಿ ಒಂದು ಜಾಗದಿಂದ ಇನ್ನೊಂದಕ್ಕೆ ಹಾರಿದರೆ ನೆಟ್‌ವರ್ಕಿನದು. ಪಿಸಿಯಲ್ಲಾದರೆ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ರೂಟರಿಗೆ, ಹೆಚ್ಚಾಗಿ 192.168.1.1, 100 ಸಲ ಪಿಂಗ್ ಮಾಡಿ. ಅಲ್ಲೇ ಅಂಕಿ ಜಿಗಿದಾಡಿದರೆ ತಪ್ಪು ನಿಮ್ಮ ಮನೆಯ ವೈಫೈಯದ್ದು. ಕೆಂಪುಕಲ್ಲಿನ ದಪ್ಪ ಗೋಡೆ ಎರಡು ದಾಟಿದರೆ ಸಿಗ್ನಲ್ ಸೊರಗುವುದು ಆಶ್ಚರ್ಯವಲ್ಲ. ರೂಟರಿಗೆ ಸ್ಥಿರವಾಗಿದ್ದು ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ ಜಿಗಿದರೆ ಫೈಬರ್ ಕೊಟ್ಟವರಿಗೆ ದೂರು. ಎರಡೂ ಚೆನ್ನಾಗಿದ್ದು ಗೇಮಿನಲ್ಲಿ ಮಾತ್ರ ಕೆಟ್ಟರೆ ಆಗ ಗೇಮ್ ಕಂಪನಿಗೆ, ಈ ಮೂರು ಫಲಿತಾಂಶದ ಚಿತ್ರ, ದಿನಾಂಕ, ಗಂಟೆ ಸಹಿತ. ತಲಪಾಡಿ, ಮಂಜೇಶ್ವರದ ಗಡಿಯಲ್ಲಿ ಮೊಬೈಲ್ ಡೇಟಾದಲ್ಲಿ ಆಡುವವರು ಇನ್ನೊಂದು ನೋಡಬೇಕು: ಫೋನ್ ಆಚೆಯ ಕರ್ನಾಟಕದ ಟವರು, ಈಚೆಯ ಕೇರಳದ ಟವರು ಎಂದು ಹಾರುತ್ತಿದ್ದರೆ ಪಿಂಗ್ ಸ್ಥಿರವಾಗಿ ನಿಲ್ಲುವುದಿಲ್ಲ. ನೆಟ್‌ವರ್ಕ್ ಆಯ್ಕೆಯನ್ನು ಕೈಯಾರೆ ಒಂದಕ್ಕೆ ಕಟ್ಟಿ ಪರೀಕ್ಷಿಸಿ.

ದುಡ್ಡು ಹೋದರೆ

ಇಲ್ಲಿ ರಿವ್ಯೂ, ಟ್ರ್ಯಾಕರ್ ಎಲ್ಲ ಬಿಡಿ. ಪ್ಲೇ ಸ್ಟೋರಿನ ಖರೀದಿಗೆ 'ಜಿಪಿಎ' ಎಂದು ಆರಂಭವಾಗುವ ಆರ್ಡರ್ ನಂಬರು ಇಮೇಲ್‌ನಲ್ಲಿ ಬಂದಿರುತ್ತದೆ. 48 ಗಂಟೆಯೊಳಗಾದರೆ ಗೂಗಲ್‌ಗೇ ರೀಫಂಡ್ ಕೇಳಿ, ಆಮೇಲೆ ಗೇಮ್ ಕಂಪನಿಗೆ. ಯುಪಿಐಯಲ್ಲಿ ಹಣ ಹೋಗಿ ಆರ್ಡರೇ ಆಗದಿದ್ದರೆ 12 ಅಂಕಿಯ ಯುಟಿಆರ್ (ಪಾವತಿಯ ಗುರುತಿನ ಸಂಖ್ಯೆ) ಹಿಡಿದು ಬ್ಯಾಂಕಿಗೆ. ಸ್ಟೀಮಿನಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಯೊಳಗೆ ಇದ್ದರೆ ಕಾರಣವನ್ನು ಹೆಚ್ಚು ಕೆದಕದೆ ವಾಪಸ್ ಕೊಡುತ್ತಾರೆ. ಗೇಮ್ ಶುರುವಾಗದೆ ಮೆನುವಿನಲ್ಲೇ ನಿಂತಿದ್ದರೂ ಆ ಗಡಿಯಾರ ಓಡುತ್ತಿರುತ್ತದೆ ಎಂಬುದು ನೆನಪಿರಲಿ.

2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮದ ಪ್ರಕಾರ ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಸಿಕ್ಕಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಂಪನಿ ಎಲ್ಲೇ ಇರಲಿ, ನೀವು ವಾಸಿಸುವ ಊರಿನಲ್ಲೇ ಕೇಸು ಹಾಕಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. 400 ರೂಪಾಯಿಯ ಸ್ಕಿನ್‌ಗೆ ಯಾರು ಅಷ್ಟು ಓಡಾಡುತ್ತಾರೆ ಎನ್ನಬಹುದು. ಟಿಕೆಟಿನ ಎರಡನೇ ಉತ್ತರದಲ್ಲಿ ಆರ್ಡರ್ ನಂಬರು, ತಾರೀಕು, ಈ ನಿಯಮದ ಹೆಸರು ಮೂರನ್ನೂ ಸೇರಿಸಿ ನೋಡಿ. ಸಿದ್ಧ ಉತ್ತರ ನಿಂತು, ಮನುಷ್ಯರು ಬರೆಯತೊಡಗುವುದು ಹೆಚ್ಚಾಗಿ ಅಲ್ಲಿಂದಲೇ.